ಕಲ್ಯಾಣಪ್ಪನ ಕಡೆಯವರು

ಮಾಯಾ ಕಲಬುರಗಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಮನೆ ಮಾತ್ರ ಕಮಲಾಪುರದಲ್ಲಿ. ಶಾಲೆಯ ಹತ್ತಿರವೇ ಒಂದು ರೂಮು ಹಿಡಿಯಬಾರದೇ ಎಂದು ಸ್ಟಾಫ್ ರೂಮಿನಲ್ಲಿ ಕೇಳುತ್ತಿದ್ದರು. ಅವ್ವ ಹಣಮಮ್ಮ ಇರುವ ತನಕ ಅವ್ವನ ಕಾರಣ ಹೇಳುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ಹೇಳಲು ಕಾರಣ ಉಳಿಯಲಿಲ್ಲ, ಆದರೂ ಊರು ಬಿಡಲಿಲ್ಲ. ಮದುವೆಯ ಮಾತು ಬರುತ್ತಿದ್ದ ವರ್ಷಗಳಲ್ಲಿ ಅಪ್ಪ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ಅಪ್ಪ ಹೋದ ಮೇಲೆ ಅವ್ವನಿಗೆ ಕಣ್ಣು ಮಂಜಾಯಿತು. ಆಮೇಲೆ ಮಾತು ತರುವವರೇ ನಿಂತುಹೋದರು. ಅಕ್ಕ ಶೇವಂತಾ ಸೊಲ್ಲಾಪುರದಲ್ಲಿ ಗಂಡ, ಮಕ್ಕಳು, ಮೊಮ್ಮಗುವಿನ ಗದ್ದಲದಲ್ಲಿದ್ದಳು. ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದಳು.

ಮಾಯಾಳಿಗೆ ಈಗ ನಲವತ್ತಾರು. ಸಂಜೆ ಬೀಗ ತೆಗೆದು ಒಳಗೆ ಬಂದರೆ, ಬೆಳಿಗ್ಗೆ ಚಹಾ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಒಬ್ಬಳೇ ಉಣ್ಣುವುದು, ಒಬ್ಬಳೇ ಮಲಗುವುದು ರೂಢಿಯಾಗಿತ್ತು. ಆ ಲೋಟ ಮಾತ್ರ ರೂಢಿಯಾಗಿರಲಿಲ್ಲ.

ಬೆಳಗಿನ ಬಸ್ಸು ಹುಮನಾಬಾದ್ ಕಡೆಯಿಂದ ತುಂಬಿಕೊಂಡೇ ಬರುತ್ತಿತ್ತು. ಸರ್ಕಾರ ಹೆಂಗಸರಿಗೆ ಟಿಕೆಟ್ ಪುಕ್ಕಟೆ ಮಾಡಿದ ಮೇಲಂತೂ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹಿಂದೊಮ್ಮೆ ಮಹಾಗಾಂವ್ ಕ್ರಾಸಿನ ಹತ್ತಿರ ಡ್ರೈವರ್ ಬ್ರೇಕು ಒತ್ತಿದಾಗ ಮಾಯಾ ನಿಂತಲ್ಲೇ ಮುಗ್ಗರಿಸಿ, ಕಿಟಕಿಯ ಸರಳಿಗೆ ಹಣೆ ಬಡಿದುಕೊಂಡಿದ್ದಳು. ಮರುದಿನ ಬಸ್ಸು ಹತ್ತಿದರೆ, ಕಮಲಾಪುರದಲ್ಲಿ ಇಳಿದವರ ಸೀಟೊಂದರಲ್ಲಿ ಬಿಳಿ ಟವೆಲ್ಲು ಹಾಸಿತ್ತು. ಅವಳಿಗಿಂತ ಮೊದಲೇ ಹತ್ತಿ ಅದರ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಮನುಷ್ಯ ಟವೆಲ್ಲು ತೆಗೆದು, “ಕೂಡ್ರಿ ಟೀಚರ್ರ” ಎಂದಿದ್ದ. ಅಂದಿನಿಂದ ದಿನವೂ ಅವಳಿಗೆ ಸೀಟು ಹಿಡಿದಿಡುತ್ತಿದ್ದ.

ಅವನೇ ಕಲ್ಯಾಣಪ್ಪ. ಕಪನೂರಿನ ಕೈಗಾರಿಕಾ ಪ್ರದೇಶದಲ್ಲಿ, ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಅರವತ್ತು ದಾಟಿತ್ತು. ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತೀರಿಹೋದ ತಮ್ಮನ ಕಮಲಾಪುರದ ಮನೆಯಲ್ಲಿ, ತಮ್ಮನ ಹೆಂಡತಿ ಶಿವಕಾಂತಮ್ಮ ಮತ್ತು ಅವಳ ಮಗ ಮಲ್ಲು ಜತೆ ಇದ್ದ. ಇಷ್ಟನ್ನು ತಿಳಿಯುವುದಕ್ಕೆ ಮಾಯಾಳಿಗೆ ಒಂದು ವರ್ಷವೇ ಬೇಕಾಯಿತು, ಏಕೆಂದರೆ ಅವರು ಮನೆಯ ಮಾತು ಆಡುತ್ತಿದ್ದುದೇ ಕಡಿಮೆ. ಹೊಲದ ತೊಗರಿ ಹೂ ಬಿಟ್ಟಿದ್ದು, ರಸ್ತೆ ಅಗೆದಿದ್ದು, ಯಾವುದೋ ಲಾರಿ ಉರುಳಿದ್ದು, ಇಂಥವೇ. ಎಷ್ಟೋ ದಿನ ಮಾತೇ ಇರುತ್ತಿರಲಿಲ್ಲ. ಅವನು ಕಪನೂರಿನಲ್ಲಿ ಇಳಿಯುವಾಗ “ಬರ್ತೀನ್ರಿ” ಎನ್ನುತ್ತಿದ್ದ, ಅವಳು “ಹ್ಞೂಂ ರೀ” ಎನ್ನುತ್ತಿದ್ದಳು. ಜ್ವರ ಬಂದು ಅವಳು ಎರಡು ದಿನ ಬರದಿದ್ದರೆ, ಮೂರನೆಯ ದಿನ “ಯಾಕ್ರಿ, ಆರಾಮ ಇದ್ದಿಲ್ಲೇನು?” ಎಂದು ಕೇಳುತ್ತಿದ್ದ.

ಆ ಸೀಮೆಯಲ್ಲಿ ಕಂಡಕ್ಟರನೂ ಅಣ್ಣ, ಬಾಳೆಹಣ್ಣು ಮಾರುವವಳೂ ಅಕ್ಕ. ಆದರೆ ಇವರಿಬ್ಬರೂ ಹಾಗೆ ಕರೆದುಕೊಳ್ಳಲಿಲ್ಲ. ಅವನಿಗೆ ಅವಳು ಟೀಚರ್ರ, ಅವಳಿಗೆ ಅವನು ಕಲ್ಯಾಣಪ್ಪಾರ. ಅಷ್ಟರಲ್ಲೇ ಆರು ವರ್ಷ ಕಳೆದಿತ್ತು.

ಸಂಕ್ರಾಂತಿಯ ನಂತರ ಒಂದು ದಿನ ಅವನೇ ಮಾತು ತೆಗೆದ.

“ಟೀಚರ್ರ, ಒಂದ ಮಾತ ಕೇಳ್ತೀನಿ. ನಮ್ಮ ಮಲ್ಲೂಗ ಹೆಣ್ಣ ನೋಡಾಕತ್ತೀವಿ. ಹುಡುಗಿ ಮನಿಯವ್ರು, ‘ನಮ್ಗೂ ನಿಮ್ಗೂ ಮೊದಲೇ ರಿಲೇಶನ್ ಅದ’ ಅಂದ್ರು. ಅದನ್ನ ಕೇಳಿ ಮಲ್ಲು ನಗಾಕತ್ತಾನ. ಅದರಾಗ ನಗೂದೇನದ?”

ಮಾಯಾ ತಾನೂ ನಕ್ಕಳು. “ಹಿರೇರಿಗಿ ರಿಲೇಶನ್ ಅಂದ್ರ ಬೀಗರು, ನೆಂಟರು. ಈಗಿನ ಹುಡುಗರಿಗಿ ಹುಡುಗ ಹುಡುಗಿ ಕೂಡಿ ತಿರುಗಾಡೂದು. ಅದಕ್ಕ ನಕ್ಕಾನ.”

“ಒಂದ ಶಬ್ದಕ್ಕ ಎರಡ ಅರ್ಥ ಏನ್ರಿ?”

“ಎರಡಲ್ರಿ, ಭಾಳ ಅವ. ಎರಡು ದೇಶದ ನಡುವ ಇರೂದೂ ರಿಲೇಶನ್ನೇ. ಮಳಿಗೂ ತೊಗರಿ ರೇಟಿಗೂ ಇರೂದೂ ರಿಲೇಶನ್ನೇ. ಒಂದಕ್ಕೊಂದು ಹತ್ತಿಕೊಂಡಿದ್ರ ಸಾಕು.”

“ಹಂಗಂದ್ರ ನಮ್ಮ ಶೆಡ್ಡಿನ್ಯಾಗ ಕನೆಕ್ಷನ್ ಅಂತೀವಲ್ಲ, ಹಂಗ” ಎಂದು ಅವನು ತಲೆಯಾಡಿಸಿದ. “ನಿಮ್ಮ ಇಂಗ್ಲಿಷ್ ಭಾಳ ಜಿಪುಣ ಭಾಷಾ ಬಿಡ್ರಿ. ದೊಡ್ಡವ್ವ, ಸಣ್ಣವ್ವ, ಅತ್ತಿ ಎಲ್ಲಾರಿಗೂ ಒಂದೇ ಆಂಟಿ” ಎಂದ.

ಫೆಬ್ರುವರಿಯ ಒಂದು ಬೆಳಿಗ್ಗೆ, ಬಸ್ಸು ಕಪನೂರಿಗೆ ಬಂತು. ಬೇಳೆ ಗಿರಣಿಗಳ ಧೂಳು ಕಿಟಕಿಯಿಂದ ಒಳಗೆ ಬರುತ್ತಿತ್ತು. ಕಂಡಕ್ಟರ್ ಸೀಟಿ ಊದಿದ. ಕಲ್ಯಾಣಪ್ಪ ಏಳಲಿಲ್ಲ. ನಿದ್ದೆ ಹತ್ತಿರಬೇಕೆಂದು ಮಾಯಾ, “ಕಲ್ಯಾಣಪ್ಪಾರ, ನಿಮ್ಮ ಸ್ಟಾಪ್ ಬಂತ್ರಿ” ಎಂದಳು. ಅವನು ಅವಳ ಕಡೆ ತಿರುಗಿದ. ಬಾಯಿಯ ಒಂದು ಬದಿ ಕೆಳಗೆ ಜಾರಿತ್ತು. ಏನೋ ಹೇಳಲು ಹೋದ, ಮಾತು ಬರಲಿಲ್ಲ, ಜೊಲ್ಲು ಬಂತು. ಅವನ ಬಲಗೈ ಮಡಿಲಿನಿಂದ ಜಾರಿ ಸೀಟಿನ ಕೆಳಗೆ ತೂಗಾಡಿತು.

ಮಾಯಾಳಿಗೆ ಅಪ್ಪನ ನೆನಪಾಯಿತು. ಅಂದು ಅಪ್ಪನನ್ನು ಮಲಗಿಸಿ, ಎಣ್ಣೆ ತಿಕ್ಕಿ, ಮದ್ದು ಕೊಡುವವನನ್ನು ಕರೆಸಿ, ಮರುದಿನ ದವಾಖಾನೆಗೆ ಒಯ್ದಿದ್ದರು. ಮೊದಲೇ ತಂದಿದ್ದರೆ ಎಂದು ಡಾಕ್ಟರ್ ಅಂದಿದ್ದ ಮಾತು ಅವಳೊಳಗೆ ಹಾಗೇ ಉಳಿದಿತ್ತು.

“ಇವರಿಗಿ ಲಕ್ವಾ ಹೊಡದದ. ಎಲ್ಲೂ ನಿಲ್ಲಸಬ್ಯಾಡ್ರಿ, ಸೀದಾ ನಡೀರಿ” ಎಂದು ಕೂಗಿದಳು.

ಕಂಡಕ್ಟರ್ ಓಡಿ ಬಂದ. “ನಿಮ್ಮ ಕಡಿಯವ್ರೇನ್ರಿ ಇವ್ರು?”

“ಹೌದ್ರಿ” ಎಂದಳು. ಯೋಚನೆ ಮಾಡಿ ಹೇಳಿದ ಮಾತಲ್ಲ ಅದು.

ರಿಂಗ್ ರೋಡಿನಲ್ಲಿ ಬಸ್ಸು ನಿಂತಿತು. ಅಕ್ರಮ್ ಎಂಬ ಆಟೋದವನು ಕಂಡಕ್ಟರನ ಜತೆ ಕಲ್ಯಾಣಪ್ಪನನ್ನು ಎತ್ತಿ ಆಟೋದಲ್ಲಿ ಕೂರಿಸಿದ. ಮಾಯಾ ಅವನ ತಲೆಯನ್ನು ತನ್ನ ಹೆಗಲಿಗೆ ಆನಿಸಿ ಹಿಡಿದಳು. ಆರು ವರ್ಷ ಪಕ್ಕದಲ್ಲಿ ಕೂತಿದ್ದರೂ ಅವನನ್ನು ಮುಟ್ಟಿದ್ದು ಅದೇ ಮೊದಲು. ಅವನ ಅಂಗಿಯಿಂದ ಮೋಟಾರಿನ ತಂತಿಗೆ ಹಚ್ಚುವ ವಾರ್ನಿಷ್ ವಾಸನೆ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದರು. ಮಾಯಾ ಕೌಂಟರಿನ ಮುಂದೆ ನಿಂತಳು. ಕಂಪ್ಯೂಟರಿನ ಮುಂದಿದ್ದವನು ತಲೆ ಎತ್ತದೆ ಕೇಳಿದ.

“ಪೇಷಂಟ್ ಹೆಸರು?”

“ಕಲ್ಯಾಣಪ್ಪ.”

“ತಂದಿ ಹೆಸರು?”

“ಗೊತ್ತಿಲ್ರಿ.”

“ವಯಸ್ಸು?”

“ಅರವತ್ತರ ಮ್ಯಾಲ ಇರಬೇಕು.”

“ಶುಗರ್, ಬಿಪಿ ಏನರ ಅದನು?”

“ಗೊತ್ತಿಲ್ರಿ.”

ಈಗ ಅವನು ತಲೆ ಎತ್ತಿದ. “ನಿಮ್ಮದು ರಿಲೇಶನ್ ಏನ್ರಿ?”

ಮಾಯಾ ಇಪ್ಪತ್ತು ವರ್ಷದಿಂದ ಆ ಶಬ್ದ ಕಲಿಸುತ್ತಿದ್ದಳು. ಕಾಗುಣಿತ, ಅರ್ಥ, ಅದರ ಮುಂದೆ ಬರುವ ಶಬ್ದ ಯಾವುದು, ಹಿಂದೆ ಬರುವುದು ಯಾವುದು, ಎಲ್ಲ.

“ದಿನಾ ಬಸ್ಸಿನ್ಯಾಗ ಕೂಡಿ ಬರ್ತೀವ್ರಿ.”

“ಅದು ಇದರಾಗ ಬರಂಗಿಲ್ಲ ಮೇಡಂ. ವೈಫ್, ಡಾಟರ್, ಸಿಸ್ಟರ್... ಏನ ಹಾಕ್ಲಿ? ಹಿಂದ ಪಾಳಿ ಅದ, ಜಲ್ದಿ ಹೇಳ್ರಿ.”

ಅವಳ ಉತ್ತರಕ್ಕೆ ಕಾಯದೆ ಅವನೇ “ಸಿಸ್ಟರ್ ಅಂತ ಹಾಕ್ತೀನಿ” ಎಂದು ಒತ್ತಿಬಿಟ್ಟ. ಅವಳು ಬೇಡ ಎನ್ನಲಿಲ್ಲ.

ಕಲ್ಯಾಣಪ್ಪನ ಕಿಸೆಯಲ್ಲಿದ್ದ ಸಣ್ಣ ಫೋನಿನಿಂದ ಮಲ್ಲುಗೆ ಕರೆ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಅಷ್ಟರಲ್ಲಿ ಡಾಕ್ಟರ್ ಹುಡುಗಿಯೊಬ್ಬಳು ಹೊರಗೆ ಬಂದು, “ಕಲ್ಯಾಣಪ್ಪನ ಕಡಿಯವ್ರು ಯಾರ್ರಿ?” ಎಂದು ಕೂಗಿದಳು. ಮಾಯಾ ಹೋದಳು. ತಲೆಯೊಳಗಿನ ರಕ್ತನಾಳ ಕಟ್ಟಿಕೊಂಡಿದೆ, ಇನ್ನೂ ಹೊತ್ತು ಮೀರಿಲ್ಲ, ಈಗಲೇ ಒಂದು ಇಂಜೆಕ್ಷನ್ ಕೊಟ್ಟರೆ ಉಳಿಯುವ ಆಸೆ ಹೆಚ್ಚು, ಆದರೆ ಒಮ್ಮೊಮ್ಮೆ ಅದರಿಂದಲೇ ತಲೆಯೊಳಗೆ ರಕ್ತ ಒಸರುವ ಭಯವೂ ಇದೆ ಎಂದು ಅವಳು ಬಿಡಿಸಿ ಹೇಳಿದಳು.

“ನೀವು ತಂಗಿ ಅಲ್ರಿ? ಇಲ್ಲಿ ಸೈ ಮಾಡ್ರಿ.”

ಮಾಯಾ ಇನ್ನೊಮ್ಮೆ ಫೋನಿನ ಕಡೆ ನೋಡಿದಳು. ಸೈ ಮಾಡಿದಳು. ಅವನೇನಾದರೂ ಸತ್ತರೆ ತಾನು ಯಾರಿಗೆ ಏನು ಹೇಳಬೇಕು ಎಂಬುದು ಸೈ ಮಾಡಿ ಪೆನ್ನು ಕೊಟ್ಟ ಮೇಲೆ ಹೊಳೆಯಿತು. ಗೋಡೆ ಹಿಡಿದು ಬೆಂಚಿನ ಮೇಲೆ ಕೂತಳು.

ಅದೇ ಬೆಂಚಿನ ಮೇಲೆ ಮೋಮಿನಪುರದ ದಿಲ್ಶಾದ್ ಬೇಗಂ ಎಂಬ ಹೆಂಗಸು ಕೂತಿದ್ದಳು. ಅವಳ ಗಂಡನೂ ಒಳಗೆ ಇದ್ದ. ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಮಾಯಾಳ ಕೈಗೆ ಕೊಟ್ಟು, “ತುಮಾರೆ ಕೌನ್ ಲಗ್ತೆ ಅಮ್ಮಾ?” ಎಂದಳು. ನಿಮಗೆ ಏನಾಗಬೇಕು ಎಂಬ ಅದೇ ಪ್ರಶ್ನೆ. ಮಾಯಾ ಅವಳಿಗೂ ಬಸ್ಸಿನ ಮಾತೇ ಹೇಳಿದಳು.

“ಕೂಡಿ ಪ್ರಯಾಣ ಮಾಡೋರು. ನಾವು ಹಮ್‌ಸಫರ್ ಅಂತೀವಿ” ಎಂದಳು ದಿಲ್ಶಾದ್ ಬೇಗಂ. ಆಮೇಲೆ ಏನೋ ನೆನಪಾದಂತೆ ಬಾಯಿಗೆ ಕೈ ಅಡ್ಡ ಹಿಡಿದಳು. “ಆ ಮಾತು ಗಂಡಗೂ ಅಂತಾರವ್ವ. ಮಾಫ್ ಮಾಡು.”

ಇಬ್ಬರೂ ನಕ್ಕರು. ಅಂಥ ಜಾಗದಲ್ಲಿ ನಗು ಬಂದದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು. ದಿಲ್ಶಾದ್ ಬೇಗಂ ಕೈಯಲ್ಲಿದ್ದ ತಸ್ಬಿ ಜಪಮಾಲೆಯ ಮಣಿಗಳನ್ನು ಮತ್ತೆ ಎಣಿಸತೊಡಗಿದಳು.

ಬಾಗಿಲು ತೆರೆದಾಗಲೆಲ್ಲ ಯಾರೋ ಕೂಗುತ್ತಿದ್ದರು. “ಕಲ್ಯಾಣಪ್ಪನ ಕಡಿಯವ್ರು!” ಮಾಯಾ ಏಳುತ್ತಿದ್ದಳು. ಔಷಧ ತರಬೇಕು, ಏಳುತ್ತಿದ್ದಳು. ಬಟ್ಟೆಯ ಗಂಟು ಕೊಡುತ್ತೇವೆ, ತಗೊಳ್ಳಿ, ಏಳುತ್ತಿದ್ದಳು. ಅವ್ವ ಹೋದ ಮೇಲೆ ಅವಳನ್ನು ಯಾರೂ ಯಾರ ಕಡೆಯವಳೆಂದೂ ಕರೆದಿರಲಿಲ್ಲ. ಭಯದ ನಡುವೆಯೂ, ಬಾಗಿಲು ಸದ್ದಾದರೆ ಅವಳ ಕಿವಿ ಆ ಮಾತಿಗಾಗಿ ಕಾಯುತ್ತಿತ್ತು. ಅದು ತನಗೇ ಗೊತ್ತಾದಾಗ ಅವಳಿಗೆ ಬೇಸರವೂ ಆಯಿತು.

ಕೊನೆಗೂ ಮಲ್ಲು ಫೋನು ಎತ್ತಿದ. ಮಧ್ಯಾಹ್ನದ ಹೊತ್ತಿಗೆ ಅವನೂ ಶಿವಕಾಂತಮ್ಮನೂ ಬೈಕಿನಲ್ಲಿ ಬಂದರು. ಅಷ್ಟರಲ್ಲಿ ಡಾಕ್ಟರ್, ಜೀವಕ್ಕೆ ಅಪಾಯ ಇಲ್ಲ ಎಂದಿದ್ದಳು. ಶಿವಕಾಂತಮ್ಮ ಅಳುತ್ತಲೇ ಮಾಯಾಳ ಎರಡೂ ಕೈ ಹಿಡಿದುಕೊಂಡಳು.

“ದೇವ್ರ ಬಂದಂಗ ಬಂದೀರಿ ನಮ್ಮವ್ವಾ. ನೀವ ಇಲ್ದಿದ್ರ ಏನ ಗತಿ ಆಗ್ತಿತ್ತು. ಯಾರ ಪೈಕ್ಯಾವ್ರು ನೀವು? ಕಮಲಾಪುರದಾಗ ಎಲ್ಲಿ ಇರ್ತೀರಿ?”

“ಭೀಮನಗರದಾಗ್ರಿ.”

ಶಿವಕಾಂತಮ್ಮ ಹಿಡಿದಿದ್ದ ಕೈ ಮೆಲ್ಲಗೆ ಬಿಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಸೆರಗು ಸರಿಯಾಗಿಯೇ ಇತ್ತು. “ಭಾಳ ಉಪಕಾರ ಆತ್ರಿ. ಇನ್ನ ನಾವ ಬಂದೀವಿ. ನೀವು ಹೋಗ್ರಿ, ನಿಮ್ಮ ಶಾಲಿ ಇರ್ತದ” ಎಂದಳು.

ಮಾಯಾ ಹೋದಳು. ಮೆಟ್ಟಿಲಿಳಿಯುವಾಗ ಮೇಲೆ ಬಾಗಿಲು ಸದ್ದಾಯಿತು. “ಕಲ್ಯಾಣಪ್ಪನ ಕಡಿಯವ್ರು!” ಅವಳು ತಟ್ಟನೆ ನಿಂತಳು. “ಬಂದೇರಿ” ಎಂಬ ಮಲ್ಲುವಿನ ಧ್ವನಿ ಕೇಳಿತು. ಮತ್ತೆ ಇಳಿಯತೊಡಗಿದಳು.

ಮರುದಿನ ಶಾಲೆ ಬಿಟ್ಟ ಮೇಲೆ ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಹೋದಳು. ಮಲ್ಲು ವಾರ್ಡಿನ ಬಾಗಿಲಲ್ಲೇ ಸಿಕ್ಕ. ಒಳ್ಳೆಯ ಹುಡುಗ, ಮಾತಾಡುವಾಗ ಅವಳ ಮುಖ ನೋಡಲಾರದೆ ಎಳನೀರನ್ನೇ ನೋಡುತ್ತಿದ್ದ.

“ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ. ಕಾಗದದಾಗ ನೀವು ಸಿಸ್ಟರ್ ಅಂತ ಅದ. ನಮ್ಮ ಸೋದರತ್ತಿ ಬಂದಾಳ, ಸಾಬಮ್ಮ ಅಂತ, ದೊಡ್ಡಪ್ಪಗ ಸ್ವಂತ ತಂಗಿ. ನರ್ಸ್ ಆಕಿಗಿ, ‘ನಿನ್ನೆ ಬಂದಿದ್ದ ತಂಗಿ ಎಲ್ಲಿ’ ಅಂತ ಕೇಳಿಬಿಟ್ಟಾಳ. ಅದಕ್ಕ ಮನ್ಯಾಗ ಒಂದೇ ಗದ್ದಲ. ಮಂದಿ ಬ್ಯಾರೇನೇ ಮಾತಾಡ್ತಾರ್ರಿ, ಇಬ್ಬರಿಗೂ ಏನೋ ರಿಲೇಶನ್ ಇತ್ತು ಅಂತ. ನನಗ ಹೆಣ್ಣ ನೋಡಾಕತ್ತಾರ, ಅವ್ರ ಕಿವಿಗಿ ಬಿದ್ರ...”

“ಆರಾಮ ಇದ್ದಾರ?” ಎಂದು ಮಾಯಾ ಕೇಳಿದಳು.

“ಇದ್ದಾನ್ರಿ. ಮಾತ ಬರವಲ್ದು. ಬಲಗೈ, ಬಲಗಾಲು ಎತ್ತವಲ್ಲ.”

ಎಳನೀರನ್ನು ಅವನ ಕೈಗೆ ಕೊಟ್ಟು ಅವಳು ತಿರುಗಿ ಬಂದಳು.

ಆ ರಾತ್ರಿ ಸೊಲ್ಲಾಪುರಕ್ಕೆ ತಾನೇ ಫೋನು ಮಾಡಿದಳು. ನಡೆದದ್ದನ್ನು ಹೇಳಬೇಕೆನಿಸಿತ್ತು. “ಯಾರಂವ?” ಎಂದಳು ಶೇವಂತಾ. “ಬಸ್ಸಿನ್ಯಾಗ ಬರ್ತಿದ್ರು.” “ಹ್ಞಾ, ಪಾಪ” ಎಂದು ಶೇವಂತಾ ಮೊಮ್ಮಗುವಿಗೆ ಹಲ್ಲು ಬಂದ ಸುದ್ದಿ ಹೇಳತೊಡಗಿದಳು. ಮಾಯಾ ಅದನ್ನು ಕೇಳಿಸಿಕೊಂಡಳು. ಹಲ್ಲು ಕೆಳಗಿನದೋ ಮೇಲಿನದೋ ಎಂದೂ ಕೇಳಿದಳು.

ಬಸ್ಸಿನಲ್ಲಿ ಈಗ ನಿಂತೇ ಹೋಗಬೇಕಿತ್ತು. ಆರು ವರ್ಷ ಕೂತು ಹೋಗಿದ್ದವಳಿಗೆ ನಿಂತರೆ ಕಿಟಕಿಯ ಹೊರಗಿನ ಹೊಲ ಕಾಣುತ್ತಿರಲಿಲ್ಲ, ರಸ್ತೆಯ ಅಂಚು ಮಾತ್ರ ಓಡುತ್ತಿತ್ತು. ಕಪನೂರಿನಲ್ಲಿ ಯಾರು ಯಾರೋ ಇಳಿಯುತ್ತಿದ್ದರು. ಕಂಡಕ್ಟರ್ ಮೊದಲ ವಾರ ಕೇಳಿದ, “ಹ್ಯಾಂಗಿದ್ದಾರ್ರಿ ನಿಮ್ಮವ್ರು?” ಅವಳು “ಆರಾಮ ಇದ್ದಾರ” ಎಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಮನೆಗೆ ಒಯ್ದಿದ್ದಾರೆಂಬುದನ್ನೂ ಕಿರಾಣಿ ಅಂಗಡಿಯಲ್ಲಿ ಬೇರೆಯವರ ಮಾತಿನಿಂದ ತಿಳಿದುಕೊಂಡಿದ್ದಳು. ಆ ಮನೆ ಅವಳ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವಷ್ಟೂ ದೂರವಿರಲಿಲ್ಲ. ಆದರೆ ಯಾವ ನೆಪ ಹೇಳಿ ಹೋಗುವುದು?

ಎಂಟನೆಯ ಕ್ಲಾಸಿನಲ್ಲಿ ಪಾಠದ ನಡುವೆ ಆ ಶಬ್ದವೇ ಬಂತು. ಪ್ರೀತಿ ಎಂಬ ಹುಡುಗಿ ಎದ್ದು ನಿಂತು, “ಮಿಸ್, ರಿಲೇಶನ್ ಅಂದ್ರ ನೆಂಟರೋ, ಸಂಬಂಧನೋ?” ಎಂದಳು. ಹಿಂದಿನ ಬೆಂಚುಗಳಲ್ಲಿ ಕಿಸಿಕಿಸಿ ನಗು ಹುಟ್ಟಿತು. ಮಾಯಾ ಬೋರ್ಡಿನ ಕಡೆ ತಿರುಗಿ ಬರೆದಳು. ಒಂದು, ರಕ್ತಸಂಬಂಧದವರು, ಮದುವೆಯಿಂದ ಆದ ನೆಂಟರು. ಎರಡು, ಎರಡು ವಸ್ತುಗಳ ನಡುವಿನ ಸಂಬಂಧ. ಮೂರು ಎಂದು ಬರೆದು ಚುಕ್ಕಿ ಇಟ್ಟಳು. ಚಾಕ್ ಹಿಡಿದ ಕೈ ಹಾಗೇ ನಿಂತಿತು. “ಮಿಸ್, ಮೂರನೇದು?” ಎಂದಳು ಪ್ರೀತಿ.

“ಮೂರನೇದು ನಾಳೆ ಹೇಳ್ತೀನಿ. ಎರಡನ್ನ ಬರ್ಕೊಳ್ರಿ” ಎಂದು ಮಾಯಾ ಮೂರನ್ನು ಅಳಿಸಿದಳು. ಮರುದಿನ ಯಾರೂ ಕೇಳಲಿಲ್ಲ.

ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಅವಳ ಮನೆಯ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. ಹಸಿರು ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ. ಬಿಸಿಲಲ್ಲಿ ನಡೆದು ಬಂದು ಉಸಿರು ಹತ್ತಿತ್ತು.

“ನನ್ನ ಹೆಸರಿಲೆ ಸೈ ಮಾಡಿದಾಕಿ ನೀನೇನು?”

ಸಾಬಮ್ಮ ಎಂದು ಮಾಯಾಳಿಗೆ ತಿಳಿಯಿತು. “ನಾನೇರಿ. ಒಳಗ ಬರ್ರಿ” ಎಂದಳು. ಸಾಬಮ್ಮ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಮಾಯಾ ನೀರು ತಂದಿಟ್ಟಳು. ಸಾಬಮ್ಮ ನೀರು ಮುಟ್ಟಲಿಲ್ಲ.

“ಜಗಳಾ ತಗೀಲಾಕ ಬಂದಿಲ್ಲ ನಾ” ಎಂದಳು. “ಖರೇ ಹೇಳು. ನಿಮ್ಮಿಬ್ಬರ ನಡುವ ಏನಿತ್ತು?”

ಮಾಯಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಷ್ಟು ದಿನದಲ್ಲಿ ನೇರವಾಗಿ ಅವಳನ್ನೇ ಕೇಳಿದವಳು ಇವಳೊಬ್ಬಳು.

“ನೀವ ತಿಳ್ಕೊಂಡಂಗ ಏನಿಲ್ರಿ. ನನಗ ಮನ್ಯಾಗ ಯಾರಿಲ್ಲ. ಮುಂಜಾನಿ ಎದ್ದೀನೋ ಇಲ್ಲೋ, ಬದುಕೀನೋ ಇಲ್ಲೋ ಅಂತ ನೋಡೋರು ಅವರೊಬ್ರೇ ಇದ್ರು. ನಾ ಬರದಿದ್ರ ಮರುದಿನ ಕೇಳ್ತಿದ್ರು. ಅಷ್ಟರಿ.”

ಹೊರಗೆ ಯಾರದೋ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು, ಅದು ನಿಂತ ಮೇಲೆ ಸಾಬಮ್ಮ ಹೇಳಿದಳು.

“ನನಗ ಒಂದ ದಿನ ಕೇಳಲಿಲ್ಲ ನೋಡು ಅಂವ. ಆಳಂದ ಕಡಿ ನಮ್ಮ ಹಳ್ಳಿ, ಎಷ್ಟ ದೂರ? ಪಂಚಮಿಗಿ ಕರೀಲಾಕ ಬರೂದು ಬಿಟ್ಟು ಎಷ್ಟ ವರ್ಷಾತು. ಫೋನಿನ್ಯಾಗ ಹ್ಞೂಂ, ಹ್ಞಾ, ಇಡ್ತೀನಿ. ಹೆಂಡತಿ ಸತ್ತ ಮ್ಯಾಲ ಮಾತೇ ಬಿಟ್ಟಾನ ಅಂತ ತಿಳ್ಕೊಂಡಿದ್ದೆ. ನಿನ್ನ ಕೂಡ ಮಾತಾಡ್ತಿದ್ದನು?”

“ಸ್ವಲ್ಪ ಮಾತಾಡ್ತಿದ್ರು.”

“ಏನ ಮಾತಾಡ್ತಿದ್ದ?”

ಅವಳು ಅಪವಾದ ಹೊರಿಸಲು ಕೇಳುತ್ತಿಲ್ಲ ಎಂದು ಮಾಯಾಳಿಗೆ ಗೊತ್ತಾಯಿತು. ಅಣ್ಣನ ಸುದ್ದಿ ಕೇಳುತ್ತಿದ್ದಳು. ಮಾಯಾ ನೆನಪಾದದ್ದನ್ನೆಲ್ಲ ಹೇಳಿದಳು. ಲಾರಿ ಓವರ್‌ಟೇಕ್ ಮಾಡಿದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕೆಂಪು ಬಾಳೆಹಣ್ಣು ತಂದರೆ ಒಂದನ್ನು ಕೊಡುತ್ತಿದ್ದ, ಸಿಪ್ಪೆಯನ್ನು ಕಿಟಕಿಯಿಂದ ಎಸೆಯಲು ಬಿಡುತ್ತಿರಲಿಲ್ಲ, ಟಿಫಿನ್ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಶೆಡ್ಡಿನಲ್ಲಿ ಹೊಸ ಮಾಲೀಕ ಬಂದ ಮೇಲೆ ತನ್ನನ್ನು ತೆಗೆದುಹಾಕುತ್ತಾನೇನೋ ಎಂದು ಹೆದರುತ್ತಿದ್ದ. ಒಂದು ಸಲ, ಸಣ್ಣವನಿದ್ದಾಗ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸಿದ್ದನ್ನು ಹೇಳಿದ್ದ.

“ಅದನ್ನ ಹೇಳ್ಯಾನ?” ಎಂದಳು ಸಾಬಮ್ಮ. ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಡುವ ಹಳ್ಳದಾಗ ಕೆಳಗ ಬಿಟ್ಟಿದ್ದ, ಅದನ್ನ ಹೇಳಲಿಲ್ಲೇನು ಮುಂದ?”

“ಇಲ್ರಿ” ಎಂದು ಮಾಯಾ ನಕ್ಕಳು.

ಏಳುವಾಗ ಸಾಬಮ್ಮ ಹೇಳಿದಳು. “ಶಿವಕಾಂತಿಗಿ ಇಂವನ ಮಾಡೂದು ಆಗವಲ್ದು. ಮಲ್ಲೂನ ಮದುವಿ ಬ್ಯಾರೆ. ನಾಡದು ನಮ್ಮ ಹಳ್ಳಿಗಿ ಒಯ್ತೀನಿ ನಾನು. ನೋಡೂದಿದ್ರ ಈಗ ಬಾ ನನ್ನ ಹಿಂದ.”

ಮಾಯಾ ಸೀರೆ ಬದಲಿಸಲೂ ನಿಲ್ಲದೆ ಹೊರಟಳು.

ಆ ಮನೆಯ ಪಡಸಾಲೆಯಲ್ಲಿ ಕಬ್ಬಿಣದ ಮಂಚದ ಮೇಲೆ ಕಲ್ಯಾಣಪ್ಪ ದಿಂಬಿಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ಶಿವಕಾಂತಮ್ಮ “ಬರ್ರಿ” ಎಂದಳು, ಸಾಬಮ್ಮನ ಮುಖ ನೋಡಿ ಒಳಗೆ ಹೋದಳು. ಚಹಾ ಬಂತು. ಎಲ್ಲರಿಗೂ ಸ್ಟೀಲ್ ಕಪ್ಪು, ಮಾಯಾಳಿಗೆ ಕಾಗದದ್ದು. ಅವಳು ಕುಡಿದು, ಅದನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡಳು.

“ಕಲ್ಯಾಣಪ್ಪಾರ, ಹ್ಯಾಂಗಿದ್ದೀರಿ?”

ಅವನು ಅವಳನ್ನು ನೋಡಿದ. ನೋಡುತ್ತಿದ್ದಂತೆ ಅವನ ಮುಖ ಕುಗ್ಗಿತು, ಮೈಯೆಲ್ಲ ಅಲುಗಾಡಿ, ಸಣ್ಣ ಮಕ್ಕಳ ಹಾಗೆ ದನಿ ತೆಗೆದು ಅಳತೊಡಗಿದ. ಮಾಯಾ ಮಂಚದ ಹತ್ತಿರಕ್ಕೆ ಹೋದಳು.

“ಮೇಡಂ, ಗಾಬ್ರಿ ಆಗಬ್ಯಾಡ್ರಿ” ಎಂದ ಮಲ್ಲು. ಸಮಾಧಾನ ಮಾಡಲೆಂದೇ ಹೇಳಿದ. “ಈ ಬೇನಿ ಬಂದವ್ರಿಗಿ ಹಂಗ ಸುಮ್ನೆ ಅಳು ಬರ್ತದಂತ. ಡಾಕ್ಟರ್ ಹೇಳ್ಯಾರ. ನಿನ್ನೆ ಹಾಲಿನಂವ ಬಂದಾಗೂ ಹಿಂಗೇ ಅತ್ತಾನ. ಅದಕ್ಕ ಏನೂ ಅರ್ಥ ಇಲ್ರಿ.”

ಮಾಯಾ ನಿಂತಲ್ಲೇ ನಿಂತಳು. ಅಳು ತಾನಾಗಿ ಬಂದ ಹಾಗೆ ತಾನಾಗಿ ನಿಂತಿತು. ಕಲ್ಯಾಣಪ್ಪ ಈಗ ಅವಳನ್ನು ಬಿಟ್ಟು ಬಾಗಿಲಿನ ಬೆಳಕನ್ನು ನೋಡುತ್ತಿದ್ದ. ತನ್ನನ್ನು ಗುರುತು ಹಿಡಿದು ಅತ್ತನೋ, ಹಾಲಿನವನಿಗೆ ಅತ್ತ ಹಾಗೆ ಅತ್ತನೋ, ಯಾರನ್ನು ಕೇಳುವುದು? ಸ್ವಲ್ಪ ಹೊತ್ತು ಕೂತು, “ಬರ್ತೀನ್ರಿ” ಎಂದು ಎದ್ದಳು. ಸಾಬಮ್ಮ ಮಲ್ಲುವಿನ ಕೈಯಲ್ಲಿ ತನ್ನ ನಂಬರು ಹೇಳಿಸಿ, ಮಾಯಾಳ ಫೋನಿನಲ್ಲಿ ಹಾಕಿಸಿಕೊಟ್ಟಳು.

ಎರಡು ದಿನದ ನಂತರ ಒಂದು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಹಾಸಿಗೆ ಹಾಸಿ ಅವನನ್ನು ಒಯ್ದರಂತೆ. ಮಾಯಾ ಶಾಲೆಯಲ್ಲಿದ್ದಳು.

ಭಾನುವಾರ ಸಂಜೆ ಅವಳು ಫೋನು ಮಾಡುತ್ತಿದ್ದಳು. ಸಾಬಮ್ಮ ಒಂದೆರಡು ಮಾತಾಡಿ, “ತಡಿ, ಅಂವನ ಕಿವಿಗಿ ಹಿಡೀತೀನಿ” ಎನ್ನುತ್ತಿದ್ದಳು. ಆ ಕಡೆಯಿಂದ ಉಸಿರು ಕೇಳುತ್ತಿತ್ತು. ಮಾಯಾ ರಸ್ತೆಯ ಸುದ್ದಿ ಹೇಳುತ್ತಿದ್ದಳು. ಕಪನೂರಿನ ಹತ್ತಿರ ಡ್ರೈನೇಜ್ ಅಗೆದಿದ್ದಾರೆ, ಮಹಾಗಾಂವ್ ಕ್ರಾಸಿನಲ್ಲಿ ಹೊಸ ಹೋಟೆಲ್ ಆಗಿದೆ, ಬಿಸಿಲು ತಡೆಯಲಾಗುವುದಿಲ್ಲ. ಹೇಳುವುದು ಮುಗಿದರೆ ಉಸಿರನ್ನೇ ಕೇಳುತ್ತ ಕೂರುತ್ತಿದ್ದಳು. ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದೂ ಇರುತ್ತಿರಲಿಲ್ಲ. ಒಂದೆರಡು ಸಲ ಇದೆಲ್ಲ ಯಾಕೆ ಎನಿಸಿ ಮಾಡದೆ ಬಿಟ್ಟಳು. ಮುಂದಿನ ಭಾನುವಾರ ಮತ್ತೆ ಮಾಡಿದಳು.

ಮೇ ತಿಂಗಳು ಬಂತು. ಸಾಬಮ್ಮ, “ಸ್ವಲ್ಪ ಸ್ವಲ್ಪ ಬಾಯಿ ತಿರುಗಾಕತ್ತದ. ನೀರು ಅಂತಾನ, ಸಾಬಿ ಅಂತಾನ” ಎಂದಳು. ಅಂದು ಫೋನು ಕಿವಿಗೆ ಹಿಡಿದ ಮೇಲೆ ಮಾಯಾ ಯಾವ ಸುದ್ದಿಯಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದಳು. ಆ ಕಡೆ ಉಸಿರು ಜೋರಾಯಿತು. ತಡೆದು ತಡೆದು, ದಪ್ಪ ನಾಲಿಗೆಯಲ್ಲಿ ಎರಡು ಮಾತು ಬಂದವು.

“ಶಾಲಿ... ಸೂಟೀ?”

ಮಾಯಾ ಎದ್ದು ನಿಂತಳು. “ಹ್ಞೂಂ ರೀ, ಸೂಟಿ ಬಿಟ್ಟಾರ. ಮುಂದಿನ ತಿಂಗಳ ತನಕಾ ಸೂಟಿ” ಎಂದಳು. ಅವನು ಇನ್ನೇನಾದರೂ ಹೇಳುತ್ತಾನೆಂದು ಕಾದಳು. ಹೇಳಲಿಲ್ಲ. ಸಾಬಮ್ಮ ಫೋನು ತೆಗೆದುಕೊಂಡು, “ದಣದಾನ, ಸಾಕು ಇವತ್ತಿಗಿ” ಎಂದು ಇಟ್ಟುಬಿಟ್ಟಳು.

ಮಾಯಾ ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತಿದ್ದು, ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ನಾದಿದಳು. ಬೇಸಿಗೆಯ ಸೂಟಿ ಇನ್ನೂ ಬಹಳ ಉಳಿದಿತ್ತು.